ಮನೆಯ ಸರ್ವರ್ ಮತ್ತು 3-2-1 ಸೂತ್ರ

ಫೋಟೊ, ವಿಡಿಯೊ, ಮನೆಯ ಲೆಕ್ಕ, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ ಇವೆಲ್ಲವೂ ಇಂದು ಕಡತಗಳಾಗಿ ಕಂಪ್ಯೂಟರು, ಮೊಬೈಲುಗಳೊಳಗೆ ಸೇರಿಕೊಂಡಿದ್ದು, ಇವನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತ ಸಲಹೆಗಳಲ್ಲಿ ಬಹಳ ಸಲ ಕೇಳಿಬರುವುದು 3-2-1 ಎಂಬ ಸೂತ್ರ. ಯಾವುದೇ ಕಡತದ ಮೂರು ಪ್ರತಿಗಳಿರಬೇಕು, ಅವು ಎರಡು ಬೇರೆ ಬಗೆಯ ಸಾಧನಗಳ ಮೇಲಿರಬೇಕು, ಅವುಗಳಲ್ಲಿ ಒಂದಾದರೂ ಮನೆಯ ಹೊರಗಿರಬೇಕು ಎಂಬುದು ಇದರ ಅರ್ಥ. ಇದನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಈ ಶತಮಾನದ ಮೊದಲ ದಶಕದಲ್ಲಿ, ಡಿಜಿಟಲ್ ಚಿತ್ರಗಳ ಸಂಗ್ರಹಣೆಯನ್ನು ಕುರಿತ ತಮ್ಮ ಬರವಣಿಗೆಯ ಮೂಲಕ ಪ್ರಚಾರಕ್ಕೆ ತಂದರು. ಬಾಯಿಪಾಠವಾಗುವಷ್ಟು ಚಿಕ್ಕದಾಗಿರುವುದೇ ಈ ಸೂತ್ರದ ದೊಡ್ಡ ಗುಣ. ಆದರೆ ಅದು ಪ್ರತಿಗಳನ್ನು ಎಣಿಸುತ್ತದೆಯೇ ಹೊರತು, ಬೇಕಾದ ದಿನ ಆ ಪ್ರತಿಗಳಿಂದ ಕಡತ ಮರಳಿ ಕೈಗೆ ಬರುತ್ತದೆಯೇ, ಯಾರ ಕೈಗೆ ಬರುತ್ತದೆ ಎಂದು ಕೇಳುವುದಿಲ್ಲ. ಮನೆಯಲ್ಲೇ ಸ್ವಂತ ಸರ್ವರ್ ಇಟ್ಟುಕೊಳ್ಳುವ ಹೊಸ ರೂಢಿಯೊಂದಿಗೆ ಸೇರಿದಾಗ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ಸೂತ್ರದ ಮೂರು ಅಂಕಿಗಳಲ್ಲಿ ಕೊನೆಯದೇ ಅತ್ಯಂತ ಬಲವಾದದ್ದು, ಮನೆಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಅದೇ. ಕಳ್ಳತನ, ಬೆಂಕಿ, ನೆರೆ ಇವು ಒಂದು ಡಿಸ್ಕನ್ನು ಆರಿಸಿಕೊಂಡು ಬರುವುದಿಲ್ಲ. ಕಪಾಟಿನಲ್ಲಿ ಒಂದರ ಪಕ್ಕ ಒಂದಿಟ್ಟ ಮೂರು ಪ್ರತಿಗಳೂ ಒಟ್ಟಿಗೇ ಹೋಗುತ್ತವೆ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಕೇಳಿದೊಡನೆ ಟಿ.ವಿ.ಯ ಪ್ಲಗ್ ಕಿತ್ತಿಡುವ ರೂಢಿಯುಂಟು, ಆದರೆ ಇಪ್ಪತ್ನಾಲ್ಕು ಗಂಟೆಯೂ ಓಡುತ್ತಿರಬೇಕಾದ ಸರ್ವರ್ ಈ ಎಚ್ಚರದಿಂದ ಹೊರಗೇ ಉಳಿದುಬಿಡುತ್ತದೆ. ದೊಡ್ಡ ಸಂಸ್ಥೆಗಳ ಕಟ್ಟಡಗಳಿಗೂ ಇದೇ ಮಾತು ಸಲ್ಲುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಮೂಲವನ್ನೂ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಕನ್ನಡದ ಮಟ್ಟಿಗೆ ಇದು ಹೊಸ ತಿಳಿವಳಿಕೆಯೇನಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಲ್ಲಿ ಸಾವಿರವೆಂಬ ಎಣಿಕೆಗಿಂತ ಹಂಚಿದಳೆಂಬ ಮಾತೇ ಮುಖ್ಯ, ಏಕೆಂದರೆ ಒಂದೇ ಭಂಡಾರದಲ್ಲಿ ಪೇರಿಸಿಟ್ಟ ಸಾವಿರ ಓಲೆಕಟ್ಟುಗಳಿಗೆ ಒಂದೇ ಗೆದ್ದಲ ಹುತ್ತ ಸಾಕು.

ಮನೆಯ ಹೊರಗಿನ ಪ್ರತಿ ಎಂದೊಡನೆ ಇಂಟರ್ನೆಟ್ ಮೂಲಕ ಬೇರೆಡೆಗೆ ಕಳಿಸುವುದೇ ದಾರಿ ಎಂದು ಹೆಚ್ಚಿನ ಸಲಹೆಗಾರರು ಹೇಳಿಬಿಡುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿದರೆ ಮನೆಯೊಂದಕ್ಕೆ ಇದು ಅಷ್ಟು ಸಲೀಸಲ್ಲ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕಳಿಸಬಲ್ಲ ಸಂಪರ್ಕದಲ್ಲಿ ಒಂದು ಟೆರಾಬೈಟ್, ಅಂದರೆ ಸಾವಿರ ಗಿಗಾಬೈಟ್‌ನಷ್ಟು ಕಡತಗಳು ಹೋಗಿ ಮುಟ್ಟಲು ಎಲ್ಲಿಯೂ ತಡೆಯಾಗದಿದ್ದರೂ ಸುಮಾರು 111 ಗಂಟೆ, ಅಂದರೆ ನಾಲ್ಕೂವರೆ ದಿನಕ್ಕೂ ಹೆಚ್ಚು ಕಾಲ ಬೇಕು. ಎರಡು ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಒಂದನ್ನು ಊರಿನ ಮನೆಯಲ್ಲಿ ಬಿಟ್ಟು, ಹಬ್ಬಕ್ಕೋ ರಜೆಗೋ ಹೋದಾಗಲೆಲ್ಲ ಅದಲುಬದಲು ಮಾಡಿ ತರುವ ಹಳೆಯ ಕ್ರಮವೇ ಮೊದಲ ಪ್ರತಿಯ ಮಟ್ಟಿಗೆ ಹೆಚ್ಚು ಅಗ್ಗ, ಹೆಚ್ಚು ವೇಗ.

ಇನ್ನು ಮನೆಯ ಸರ್ವರ್. ಮನೆಯ ಎಲ್ಲರ ಕಡತಗಳನ್ನೂ ಒಂದೆಡೆ ಇಟ್ಟು, ಕೇಳಿದ ಮೊಬೈಲಿಗೆ ಅಥವಾ ಲ್ಯಾಪ್‌ಟಾಪಿಗೆ ಒದಗಿಸುವ, ಸದಾ ಚಾಲೂ ಇರುವ ಕಂಪ್ಯೂಟರಿಗೆ ಈ ಹೆಸರು. ಸ್ವಂತ ಕಡತ ಸ್ವಂತ ಮನೆಯಲ್ಲಿರುವುದು, ಬಾಡಿಗೆಯ ಜಾಗದ ನಿಯಮ ಬದಲಾದಾಗಲೆಲ್ಲ ಪೇಚಾಡಬೇಕಿಲ್ಲದಿರುವುದು ಇವು ನಿಜವಾದ ಲಾಭಗಳೇ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿದ ಮೇಲೆ ಅನೇಕರು ಈ ಕಡೆಗೆ ತಿರುಗಿ ನೋಡಿದರು. ಖರ್ಚಿನ ಲೆಕ್ಕವನ್ನು ಮಾತ್ರ ಮುಂಚೆಯೇ ಮಾಡಿಕೊಳ್ಳಬೇಕು: 20 ವ್ಯಾಟ್ ಎಳೆಯುವ ಚಿಕ್ಕ ಯಂತ್ರ ತಿಂಗಳಿಗೆ ಸುಮಾರು 14 ಯೂನಿಟ್ ವಿದ್ಯುತ್ ತೆಗೆದುಕೊಂಡರೆ, ಬಿಟ್ಟಿಯಾಗಿ ಸಿಕ್ಕಿತೆಂದು ಮೂಲೆಯಲ್ಲಿ ಓಡಿಸುವ 80 ವ್ಯಾಟ್‌ನ ಹಳೆಯ ಡೆಸ್ಕ್‌ಟಾಪ್ 57 ಯೂನಿಟ್ ದಾಟುತ್ತದೆ.

ಆದರೆ ಈ ರೂಢಿಯ ದೊಡ್ಡ ತಪ್ಪು ಖರ್ಚಿನದಲ್ಲ, ಪರಿಕಲ್ಪನೆಯದು. ಸರ್ವರ್ ಕಟ್ಟಿದವರು ಅದರೊಳಗೆ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಕ್ಷಣ ಬರೆಯಲ್ಪಡುವಂತೆ ಮಾಡಿ, ಅದನ್ನೇ ಬ್ಯಾಕಪ್ ಎಂದು ನಂಬುತ್ತಾರೆ. ರೇಡ್ ಎಂದು ಕರೆಯುವ ಈ ಏರ್ಪಾಡನ್ನು 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಅಲ್ಲಿ ಅವರ ಕಣ್ಣಿದ್ದದ್ದು ಅಗ್ಗದ ಡಿಸ್ಕ್‌ಗಳನ್ನು ಜೊತೆಗೂಡಿಸಿ ವೇಗ ಪಡೆಯುವುದರ ಮೇಲೆ ಮತ್ತು ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದರ ಮೇಲೆ. ಕನ್ನಡಿಯ ಮುಂದೆ ನಿಂತವನ ಹಣೆಯ ಬೊಟ್ಟು ಅಳಿಸಿದರೆ ಕನ್ನಡಿಯೊಳಗಿನದೂ ಅಳಿಸುವಂತೆ, ಮಗು ತಿಳಿಯದೆ ಅಳಿಸಿದ ಮದುವೆಯ ಫೋಟೊಗಳು ಎರಡೂ ಡಿಸ್ಕ್‌ಗಳಿಂದ ಒಂದೇ ಗಳಿಗೆಯಲ್ಲಿ ಮಾಯವಾಗುತ್ತವೆ. ಮೊಬೈಲು ಮತ್ತು ಸರ್ವರ್‌ಗಳನ್ನು ಸದಾ ಸಮ ಮಾಡುತ್ತಿರುವ ಸಿಂಕ್ ತಂತ್ರಾಂಶಗಳಿಗೂ ಇದೇ ದೋಷವುಂಟು. ನಿನ್ನೆಯ, ಹೋದ ವಾರದ, ಹೋದ ತಿಂಗಳ ಸ್ಥಿತಿಯನ್ನು ಬೇರೆಬೇರೆಯಾಗಿ ಉಳಿಸಿಕೊಂಡಿರುವುದಕ್ಕೆ ಮಾತ್ರ ಬ್ಯಾಕಪ್ ಎಂಬ ಹೆಸರು ಒಪ್ಪುತ್ತದೆ, ಮತ್ತು 3-2-1 ಸೂತ್ರ ಕಾಲದ ಈ ಆಯಾಮವನ್ನು ಎತ್ತಿ ಹೇಳದಿರುವುದು ಅದರ ಗಂಭೀರ ಲೋಪ.

ಎರಡನೆಯ ಲೋಪ ಇನ್ನೂ ಆಳವಾದದ್ದು. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕೆಲಸಗಳನ್ನು ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನ ಮೇಲೆ ಅಳಿಸುವ ಆಜ್ಞೆ ಕೊಟ್ಟುಬಿಟ್ಟಾಗ, ಸಂಸ್ಥೆ ಇಟ್ಟುಕೊಂಡಿದ್ದ ಹಲವು ಬ್ಯಾಕಪ್ ಏರ್ಪಾಡುಗಳು ಕೈಕೊಟ್ಟವು. ಅವುಗಳಲ್ಲೊಂದು ತಂತ್ರಾಂಶದ ಆವೃತ್ತಿ ಹೊಂದದೆ ಸೋಲುತ್ತಲೇ ಬಂದಿತ್ತು, ಸೋತೆನೆಂದು ಅದು ಕಳಿಸಿದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರನ್ನೂ ಮುಟ್ಟಿರಲಿಲ್ಲ. ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕಾಗಿ ಕೈಯಿಂದಲೇ ತೆಗೆದಿಟ್ಟಿದ್ದ ಒಂದು ಪ್ರತಿ ಸಂಸ್ಥೆಯನ್ನು ಉಳಿಸಿತು. ಈ ವೃತ್ತಾಂತವನ್ನು ಮುಚ್ಚಿಡದೆ ಸಂಸ್ಥೆಯೇ ಪ್ರಕಟಿಸಿದ್ದು ದೊಡ್ಡ ಉಪಕಾರ. ನುರಿತವರ ನಡುವೆಯೇ ಹೀಗಾಗುವುದಾದರೆ, ಮನೆಯಲ್ಲಿ ಮರಳಿ ಪಡೆಯುವ ಪರೀಕ್ಷೆಯನ್ನು ಮಾಡಿಯೇ ನೋಡಬೇಕು: ಏನೂ ಇಲ್ಲದ ಲ್ಯಾಪ್‌ಟಾಪ್ ಒಂದಕ್ಕೆ ಬ್ಯಾಕಪ್ ಡಿಸ್ಕನ್ನು ಜೋಡಿಸಿ, ಯಾವುದಾದರೂ ಒಂದು ವರ್ಷದ ಫೋಟೊಗಳನ್ನು ಅದರಿಂದಲೇ ಇಳಿಸಿಕೊಂಡು, ಮೊದಲಿನದು, ಕೊನೆಯದು, ನಡುವಿನ ಕೆಲವನ್ನು ತೆರೆದು ನೋಡಬೇಕು. ಕಡತದ ಹೆಸರು ಪಟ್ಟಿಯಲ್ಲಿ ಸರಿಯಾಗಿದ್ದು, ತೆರೆದಾಗ ಚಿತ್ರದ ಕೆಳಗಿನ ಅರ್ಧ ಬರೀ ಬೂದು ಬಣ್ಣವಾಗಿ ಕಾಣುವುದು ಹಾಳಾದ ಡಿಸ್ಕ್‌ಗಳಲ್ಲಿ ಕಾಣಸಿಗುವ ಸಂಗತಿ.

ಕನ್ನಡದ ಮನೆಗಳಿಗೆ ಇಲ್ಲೊಂದು ವಿಶೇಷವಾದ ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತಗಳಲ್ಲಿರುವುದು ನಿಜವಾಗಿ ಕನ್ನಡ ಅಕ್ಷರಗಳಲ್ಲ, ಫಾಂಟಿನ ಬಲದಿಂದ ಕನ್ನಡದಂತೆ ತೋರುವ ರೋಮನ್ ಸಂಕೇತಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಬೊಟ್ಟು ಹೊತ್ತ ರೋಮನ್ ಅಕ್ಷರಗಳ ಸಾಲುಗಳಷ್ಟೇ ಕಾಣುತ್ತವೆ. ಅಜ್ಜನ ಆತ್ಮಕಥೆಯ ಮೂರು ಪ್ರತಿಗಳು ಮೂರು ಊರುಗಳಲ್ಲಿ ಒಂದು ಬಿಟ್ಟೂ ಕೆಡದೆ ಉಳಿದಿದ್ದು, ಯಾರಿಗೂ ಓದಲು ಬಾರದೆ ಹೋಗುವುದು ಹೀಗೆ. ಹಳೆಯ ಕಡತಗಳನ್ನು ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ತಿದ್ದಿ, ಮೂಲವನ್ನೂ ಜೊತೆಗೇ ಇಡುವ ಕೆಲಸ ಬೇಸರದ್ದೇ ಆದರೂ, ಇನ್ನೊಂದು ಡಿಸ್ಕ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದದ್ದು.

ಕೊನೆಗೆ ಉಳಿಯುವುದು ಕೀಲಿಯ ಪ್ರಶ್ನೆ. ಹೊರಗಿಟ್ಟ ಪ್ರತಿ ಪರರ ಕೈಗೆ ಸಿಕ್ಕರೂ ಓದಲಾಗದಂತೆ ಗೂಢಲಿಪಿಯಲ್ಲಿಡುವುದು ಸರಿಯಾದ ಸಲಹೆಯೇ, ಆದರೆ ಅದರ ಪಾಸ್‌ವರ್ಡ್ ಸುಟ್ಟುಹೋಗುವ ಆ ಸರ್ವರಿನಲ್ಲೇ ಇದ್ದರೆ, ಅಥವಾ ಅದನ್ನು ಕಟ್ಟಿದ ಒಬ್ಬರ ನೆನಪಿನಲ್ಲಿ ಮಾತ್ರ ಇದ್ದರೆ, ಅವರಿಲ್ಲದ ದಿನ ಮನೆಯವರ ಪಾಲಿಗೆ ಎಲ್ಲ ಪ್ರತಿಗಳೂ ಇದ್ದೂ ಇಲ್ಲದಂತೆ. ಇದಕ್ಕೆ ಬೇಕಾಗಿರುವುದು ಒಂದು ಹಾಳೆ: ಡಿಸ್ಕ್‌ಗಳು ಎಲ್ಲಿವೆ, ಯಾವುದನ್ನು ಯಾವುದಕ್ಕೆ ಜೋಡಿಸಬೇಕು, ಪಾಸ್‌ವರ್ಡ್ ಏನು, ಯಾರನ್ನು ಕೇಳಬೇಕು ಎಂಬುದನ್ನು ಕಂಪ್ಯೂಟರ್ ಬಲ್ಲವರಲ್ಲದವರಿಗೂ ತಿಳಿಯುವಂತೆ ಕೈಯಲ್ಲಿ ಬರೆದು, ಮನೆಯ ಪತ್ರ, ವಿಮೆಯ ಕಾಗದಗಳಿರುವ ಪೆಟ್ಟಿಗೆಯಲ್ಲೇ ಇಟ್ಟು, ಅದನ್ನು ನೋಡಿಕೊಂಡು ಮನೆಯ ಇನ್ನೊಬ್ಬರು ಯಾರ ಸಹಾಯವೂ ಇಲ್ಲದೆ ಒಂದು ಫೋಟೊವನ್ನಾದರೂ ಮರಳಿ ತೆಗೆದು ತೋರಿಸಬೇಕು.