ಹಲಗಲಿಯ ಲಾವಣಿಯಲ್ಲಿ ಪ್ರಜೆಯ ದೃಷ್ಟಿ

ಪರಕೀಯರ ಆಳಿಕೆಯನ್ನು ಆಳಿಸಿಕೊಂಡವರು ಹೇಗೆ ಕಂಡರು ಎಂಬ ಪ್ರಶ್ನೆಗೆ ಉತ್ತರವನ್ನು ನಾವು ಸಾಮಾನ್ಯವಾಗಿ ಸರಕಾರಿ ದಫ್ತರಗಳಲ್ಲಿ ಹುಡುಕುತ್ತೇವೆ. ಇಲ್ಲವೆ ಮುಂದಿನ ಕಾಲದ ರಾಷ್ಟ್ರೀಯ ನಾಯಕರ ಭಾಷಣಗಳಲ್ಲಿ ಹುಡುಕುತ್ತೇವೆ. ದಫ್ತರವು ಆಳುವವನ ಬರೆಹ. ಭಾಷಣವು ವಿದ್ಯಾವಂತನ ಮಾತು. ಇವೆರಡರ ನಡುವೆ ನಿಂತ ಸಾಮಾನ್ಯ ಒಕ್ಕಲಿನವನ, ಬೇಟೆಗಾರನ, ಕೂಲಿಯವನ ಅಭಿಪ್ರಾಯವನ್ನು ತಿಳಿಯುವುದಕ್ಕೆ ಉತ್ತರ ಕರ್ನಾಟಕದ ಐತಿಹಾಸಿಕ ಲಾವಣಿಗಳಷ್ಟು ನೆರವಾಗುವ ಸಾಧನಗಳು ಕನ್ನಡದಲ್ಲಿ ವಿರಳ. ಅವುಗಳಲ್ಲಿ ಹಲಗಲಿಯ ಬೇಡರ ಲಾವಣಿಯೊಂದನ್ನು ಮಾತ್ರ ಎತ್ತಿಕೊಂಡು, ಅದರಲ್ಲಿ ಅಡಗಿರುವ ರಾಜಕೀಯ ವಿಚಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಲಾವಣಿಯು ಅಚ್ಚಿಗೆ ಬಂದ ಬಗೆಯೇ ವಿಚಾರಾರ್ಹವಾದುದು. ಇದನ್ನು ಸಂಗ್ರಹಿಸಿ ಪ್ರಕಟಿಸಿದವರು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದ ಅವರು ಕನ್ನಡ ಜಿಲ್ಲೆಗಳಲ್ಲಿ ಅಧಿಕಾರ ನಡೆಸುತ್ತ ನಮ್ಮ ಶಾಸನಗಳನ್ನು ಓದಿ ಬೆಳಕಿಗೆ ತಂದವರು. ಮುಂಬಯಿಯಲ್ಲಿ 1872ರಲ್ಲಿ ಹುಟ್ಟಿದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು 1885ರಿಂದ ಆರಂಭಿಸಿ ಕೆಲವು ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಕಥೆ, ಕಿತ್ತೂರಿನ ಚನ್ನವ್ವನ ಸೊಸೆಯ ಕಥೆ, ಸಂಗ್ಯಾನ ಕಥೆ, ವರಮಾನ ತೆರಿಗೆಯ ಮೇಲಿನ ಪದ, ಹಲಗಲಿಯ ಬೇಡರ ಪದ ಇವು ಆ ಮಾಲೆಯಲ್ಲಿ ಸೇರಿವೆ. ಕುಂಪಣಿಯ ಸೈನ್ಯವು ಸುಟ್ಟ ಊರಿನ ಹಾಡನ್ನು, ಮೂರು ದಶಕಗಳ ತರುವಾಯ, ಅದೇ ಆಡಳಿತದ ಅಧಿಕಾರಿಯೊಬ್ಬರು ಉಳಿಸಿಕೊಟ್ಟರು. ಫ್ಲೀಟರ ಶ್ರಮಕ್ಕೆ ಕನ್ನಡಿಗರು ಋಣಿಗಳು. ಆದರೆ ಅವರಿಗೆ ಭಾಷೆಯ ಮಾದರಿಯಾಗಿ, ಜನಪದದ ಕುತೂಹಲವಾಗಿ ಕಂಡುದು ನಮಗೆ ಸಾಕ್ಷ್ಯವಾಗಿ ಕಾಣಬೇಕು.

ಘಟನೆಯ ಚೌಕಟ್ಟು ಇಷ್ಟು. ಹಲಗಲಿಯು ಈಗಿನ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳ ಬಂಡಾಯವು ಹಬ್ಬಿದ್ದ 1857ರಲ್ಲಿ, ಜನರ ಕೈಯಲ್ಲಿದ್ದ ಆಯುಧಗಳನ್ನು ನಿಯಂತ್ರಿಸುವ ಕಾಯಿದೆಯೊಂದನ್ನು ಕುಂಪಣಿ ಸರಕಾರವು ಮಾಡಿತು. ಬೇಟೆಯೂ ಕಾವಲೂ ಕುಲವೃತ್ತಿಯಾಗಿದ್ದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಅದೇ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿ ಹಚ್ಚಿತು. ಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಲಾವಣಿಕಾರನು ಈ ಕಥೆಯನ್ನು ವೀರರ ವರ್ಣನೆಯೊಂದಿಗೆ ಎತ್ತಿಕೊಂಡರೂ, ಬೇಗನೆ ಒಂದು ಅಪ್ಪಣೆಯ ಸುದ್ದಿಗೆ ಬರುತ್ತಾನೆ. ಆ ಹುಕುಂ ವಿಲಾತಿಯಿಂದ ಬಂದಿತೆನ್ನುತ್ತಾನೆ. ಚರಿತ್ರೆಯ ದೃಷ್ಟಿಯಿಂದ ಇದು ಸರಿಯಲ್ಲ. ಕಾಯಿದೆಯು ಹುಟ್ಟಿದ್ದು ಕಲಕತ್ತೆಯ ಶಾಸನ ಮಂಡಲಿಯಲ್ಲಿ. ಆದರೆ ಈ ತಪ್ಪಿನೊಳಗೆ ಒಂದು ನಿಜವಿದೆ. ಆ ಮಂಡಲಿಯಲ್ಲಿ ಆಗ ಭಾರತೀಯ ಸದಸ್ಯನೊಬ್ಬನೂ ಇರಲಿಲ್ಲ. 1861ರ ಶಾಸನವಾದ ಮೇಲೆಯೇ, 1862ರಲ್ಲಿ, ಮೊದಲ ಕೆಲವರು ನಾಮಕರಣಗೊಂಡು ಒಳಗೆ ಬಂದರು. ಹೀಗಿರಲು, ಹಲಗಲಿಯವನ ಪಾಲಿಗೆ ಕಲಕತ್ತೆಗೂ ಲಂಡನ್ನಿಗೂ ಅಂತರವೇನು? ತನ್ನ ಮಾತು ತಲಪದ ಸ್ಥಳದಿಂದ ಇಳಿದ ಅಪ್ಪಣೆಯನ್ನು ಅವನು ಸಮುದ್ರದಾಚೆಯದೆಂದು ಕರೆದನು. ಈ ಭಾಗದ ಶಬ್ದಗಳನ್ನು ಗಮನಿಸಿದರೂ ಅದೇ ಅರ್ಥವು ಹೊರಡುತ್ತದೆ. ಹುಕುಂ, ಹತಾರ, ಕುಂಪಣಿ, ಕಾರಕೂನ, ಸಿಪಾಯಿ: ಸರಕಾರವು ಕಾಣಿಸಿಕೊಂಡಲ್ಲೆಲ್ಲ ದಫ್ತರದ ಶಬ್ದಗಳೇ ಕಾಣಿಸಿಕೊಳ್ಳುತ್ತವೆ. ಅವು ಆಡುಮಾತಿನಲ್ಲಿ ಬೆರೆತ ಶಬ್ದಗಳೇ ಆದರೂ ಅವುಗಳ ಮೇಲೆ ಕಚೇರಿಯ ಮುದ್ರೆಯಿದೆ.

ಎರಡನೆಯ ಘಟ್ಟವು ಇನ್ನೂ ಮುಖ್ಯವಾದುದು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಸಲತ್ತು ಮಾಡುತ್ತಾರೆ. ಹತಾರ ಹೋದರೆ ಜೀವವೇ ಹೋದಂತೆ ಎಂದು ತರ್ಕಿಸಿ, ಒಬ್ಬರಿಗೊಬ್ಬರು ವಚನ ಕೊಟ್ಟುಕೊಳ್ಳುತ್ತಾರೆ. ಆಯುಧ ಕೇಳಲು ಬಂದವರಿಗೆ ಪೆಟ್ಟು ಬೀಳುವುದು ಇದಾದ ಮೇಲೆ. ನಿರಾಕರಣೆಗೆ ಮುಂಚೆ ಸಮಾಲೋಚನೆಯಿದೆ ಎಂಬುದನ್ನು ವಿಮರ್ಶಕರು ಸಾಕಷ್ಟು ಲಕ್ಷಿಸಿಲ್ಲವೆಂದು ನಮ್ಮ ಅಭಿಪ್ರಾಯ. ಅಧಿಕಾರಿಗಳು ದಂಗೆಯೆಂದು ಕರೆದ ಕಾರ್ಯವು ಲಾವಣಿಯಲ್ಲಿ ವಿಚಾರ ಮಾಡಿ ಕೈಗೊಂಡ ತೀರ್ಮಾನವಾಗಿದೆ.

ಇದನ್ನು ಸಂಗೊಳ್ಳಿ ರಾಯಣ್ಣನ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. 1824ರಲ್ಲಿ ಕಿತ್ತೂರು ಬಿದ್ದಿತು. 1829ರಲ್ಲಿ ಚನ್ನಮ್ಮ ಸೆರೆಯಲ್ಲಿ ತೀರಿಕೊಂಡಳು. ರಾಯಣ್ಣನು ಗಲ್ಲಿಗೇರಿದ್ದು 1831ರಲ್ಲಿ, ನಂದಗಡದಲ್ಲಿ. ಅವನ ಹೋರಾಟಕ್ಕೆ ಒಂದು ಗದ್ದುಗೆಯಿತ್ತು, ಆ ಗದ್ದುಗೆಗೆ ದತ್ತಕ ಪುತ್ರನೊಬ್ಬನ ಹಕ್ಕಿತ್ತು. ರಾಯಣ್ಣನ ಗುಣವು ಸ್ವಾಮಿನಿಷ್ಠೆ. ಅವನ ದುಃಖವು ತನ್ನವರೇ ಹಿಡಿದುಕೊಟ್ಟರೆಂಬುದು. ಹಲಗಲಿಯಲ್ಲಿ ಗದ್ದುಗೆಯ ಮಾತೇ ಇಲ್ಲ. ಮುಧೋಳದ ಹೆಸರು ಬರುವುದು ಊರಿನ ಗುರುತಿಗಾಗಿ. ಅಲ್ಲಿಯ ದೊರೆಯು ಈ ಕಥೆಯ ನಾಯಕನಲ್ಲ, ಬೇಡರು ಅವನಿಗಾಗಿ ಹೋರಾಡುತ್ತಿಲ್ಲ. ಒಡೆಯನ ಅಪ್ಪಣೆಯಿಲ್ಲದೆ ತಾವೇ ಕೂತು, ತಾವೇ ನಿಶ್ಚಯಿಸಿ, ತಾವೇ ಫಲವನ್ನುಂಡ ಜನ ಇವರು. ನಮ್ಮ ಭಾಷೆಯಲ್ಲಿ ‘ಪ್ರಜೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಅರಸನ ಪ್ರಜೆ ಒಬ್ಬ, ಪ್ರಜಾಪ್ರಭುತ್ವದ ಪ್ರಜೆ ಇನ್ನೊಬ್ಬ. ಮೊದಲನೆಯವನು ಎರಡನೆಯವನಾಗಿ ಮಾರ್ಪಡುವ ದಾರಿಯಲ್ಲಿ ಹಲಗಲಿಯು ಒಂದು ಮೈಲುಗಲ್ಲು ಎನ್ನಬಹುದು.

ಸೈನ್ಯದೊಂದಿಗೆ ಬಂದ ಸಾಹೇಬನು ಬುದ್ಧಿ ಹೇಳುವ ಸಂದರ್ಭದಲ್ಲಿ ಈ ವಿಚಾರವು ಮಾತಿನ ರೂಪವನ್ನು ತಾಳುತ್ತದೆ. ಸಾಹೇಬನ ಮಾತು ವಿಧೇಯತೆಯ ಮಾತು. ಬೇಡರು ಕೊಡುವ ಉತ್ತರದ ತಿರುಳೆಂದರೆ, ದೇಶವನ್ನು ಮೋಸದಿಂದ ಪಡೆದವರನ್ನು ಮುಂದೆ ನಡೆಯಗೊಡಲಾಗದು ಎಂಬುದು. ಕಾಯಿದೆಯನ್ನು ಮುರಿದೆವೆ ಇಲ್ಲವೆ ಎಂಬ ಚರ್ಚೆಗೆ ಅವರು ಇಳಿಯುವುದೇ ಇಲ್ಲ. ಕಾಯಿದೆ ಮಾಡುವ ಅಧಿಕಾರವು ಎಲ್ಲಿಂದ ಬಂತೆಂದು ಕೇಳುತ್ತಾರೆ. ಅಕ್ಷರ ಬಾರದವರ ಬಾಯಿಂದ ಹೊರಟ ಈ ಪ್ರಶ್ನೆಯನ್ನೇ ಮುಂದೆ ನಮ್ಮ ವಕೀಲರೂ ಸಂಪಾದಕರೂ ಬೇರೆ ಶಬ್ದಗಳಲ್ಲಿ ಕೇಳಿದರು. ಆಯುಧದ ಪ್ರಶ್ನೆಯೂ ಅಲ್ಲಿಗೆ ಮುಗಿಯಲಿಲ್ಲ. 1878ರ ಆಯುಧ ಶಾಸನವು ಬಂದಿತು. 1931ರ ಕರಾಚಿ ಕಾಂಗ್ರೆಸ್ಸು ಮೂಲಭೂತ ಹಕ್ಕುಗಳನ್ನು ಪಟ್ಟಿಮಾಡಿದಾಗ, ನಿಯಮಗಳಿಗೊಳಪಟ್ಟು ಆಯುಧವಿರಿಸಿಕೊಳ್ಳುವ ಹಕ್ಕನ್ನೂ ಅದರಲ್ಲಿ ಸೇರಿಸಿತು. ಸ್ವತಂತ್ರ ಭಾರತವು 1959ರಲ್ಲಿ ತನ್ನದೇ ಆಯುಧ ಶಾಸನವನ್ನು ಮಾಡಿತು. ನಿಯಂತ್ರಣವು ಉಳಿಯಿತು, ಆದರೆ ಅದನ್ನು ಮಾಡಿದ ಸಭೆಯು ಜನರು ಆರಿಸಿದ ಸಭೆಯಾಗಿತ್ತು. ಹಲಗಲಿಯ ಪ್ರಶ್ನೆಗೆ ನ್ಯಾಯವಾದ ಉತ್ತರವು ಈ ವ್ಯತ್ಯಾಸದಲ್ಲಿದೆ.

ಇನ್ನು ಲಾವಣಿಯ ಕೊನೆಯ ಭಾಗ. ಕಾಳಗದ ವರ್ಣನೆಯು ಸಂಪ್ರದಾಯಕ್ಕೆ ಒಪ್ಪಿದ್ದೇ ಆಗಿದೆ; ಅಂಥ ವರ್ಣನೆಯನ್ನು ಬೇರೆ ಲಾವಣಿಗಳಲ್ಲಿಯೂ ಕಾಣಬಹುದು. ಈ ಕೃತಿಯ ವೈಶಿಷ್ಟ್ಯವು ಲೂಟಿಯ ಪಟ್ಟಿಯಲ್ಲಿದೆ. ಕತ್ತಿ ಕೊಡಲಿಗಳಿಂದ ಆರಂಭವಾದ ಪಟ್ಟಿಯು ಕಬ್ಬಿಣದ ಸಾಮಾನುಗಳನ್ನು ದಾಟಿ ಹಾಲು, ಮೊಸರು, ಬೆಣ್ಣೆಗಳಿಗೆ ಬರುತ್ತದೆ, ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಬೆಲ್ಲಗಳನ್ನು ಎಣಿಸುತ್ತದೆ, ಗಂಗಾಳ ಚರಿಗೆಗಳನ್ನೂ ಬೀಸುಕಲ್ಲನ್ನೂ ಬಿಡುವುದಿಲ್ಲ, ಮಂಗಳಸೂತ್ರವನ್ನೂ ಹೇಳುತ್ತದೆ. ಕೆಲವು ಓದುಗರಿಗೆ ಇದು ಕಾವ್ಯದ ಓಟವನ್ನು ತಡೆಯುವ ಸಾಮಾನಿನ ಯಾದಿಯಾಗಿ ತೋರಬಹುದು. ನಮ್ಮ ಮತದಲ್ಲಿ ಇಡೀ ಕೃತಿಯ ತೀರ್ಪು ಈ ಯಾದಿಯೇ. ಆಯುಧ ಕೇಳಲು ಬಂದ ಸರಕಾರವು ಕೊನೆಗೆ ಒಯ್ದದ್ದು ಅಡುಗೆಮನೆಯ ಜೀರಿಗೆಯನ್ನು. ನೆವಕ್ಕೂ ಕೃತ್ಯಕ್ಕೂ ಇರುವ ಅಂತರವನ್ನು ಲಾವಣಿಕಾರನು ತಾನಾಗಿ ಟೀಕಿಸುವುದಿಲ್ಲ. ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ ತೋರಿಸುತ್ತಾನೆ. ವಿಲಾತಿಯ ಹುಕುಮಿನಿಂದ ಹೊರಟ ಹಾಡು ಬೀಸುಕಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ದಫ್ತರದ ಶಬ್ದಗಳು ಹಿಂದೆ ಸರಿದು ಮನೆಯ ಶಬ್ದಗಳು ಮುಂದೆ ಬಂದಿರುತ್ತವೆ. ಪರಕೀಯರ ದಬ್ಬಾಳಿಕೆಯನ್ನು ಸಾಮಾನ್ಯ ಪ್ರಜೆಯು ಅಳೆಯುವ ಸೇರು ಇದೇ.

ಈ ಲಾವಣಿಯನ್ನು ಸ್ವಾತಂತ್ರ್ಯ ಸಂಗ್ರಾಮದ ಮೊದಲ ಕಹಳೆಯೆಂದು ಹೊಗಳುವವರಿದ್ದಾರೆ. ಹೊಗಳಿಕೆಯು ತಪ್ಪಲ್ಲ, ಅಷ್ಟಕ್ಕೇ ನಿಂತರೆ ಬೀಸುಕಲ್ಲು ಕಾಣದೆಹೋಗುತ್ತದೆ. ವೃತ್ತಿಗೆ ಕುತ್ತು ಬಂದಾಗ ಸಿಟ್ಟಾದವರ ಗಲಭೆಯೆಂದು ತಳ್ಳಿಹಾಕುವವರೂ ಇದ್ದಾರೆ. ಅವರಿಗೆ ಮಸಲತ್ತು ಕಾಣುವುದಿಲ್ಲ. ಕೃತಿಯ ಮಿತಿಯನ್ನೂ ಮರೆಮಾಚಬಾರದು. ಮಸಲತ್ತಿಗೆ ಕೂತವರು ನಾಲ್ವರು ಗಂಡಸರು. ಸುಟ್ಟುಹೋದದ್ದು ಇಡೀ ಊರು. ಮಂಗಳಸೂತ್ರ ಕಳೆದುಕೊಂಡವಳನ್ನು ಯಾರೂ ಕೇಳಿರಲಿಲ್ಲ, ವಿಲಾತಿಯವರೂ ಕೇಳಲಿಲ್ಲ, ಊರಿನವರೂ ಕೇಳಲಿಲ್ಲ. ಲಾವಣಿಯು ಅವಳಿಗೆ ಮಾತು ಕೊಟ್ಟಿಲ್ಲ; ಅವಳ ನಷ್ಟವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದೆ. ಅಷ್ಟನ್ನಾದರೂ ಸರಕಾರಿ ವರದಿಗಳಿಂದ ನಿರೀಕ್ಷಿಸುವಂತಿಲ್ಲ.

ಹಾಡಿದವನು ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನನ್ನು ನೆನೆಯುತ್ತಾನೆ. ಕುರ್ತಕೋಟಿಯಿರುವುದು ಗದಗಿನ ಸಮೀಪ, ಹಲಗಲಿಯಿಂದ ಬಹುದೂರ. ಪತ್ರಿಕೆಗಳು ಹಳ್ಳಿಗಳನ್ನು ಮುಟ್ಟದ ಆ ಕಾಲದಲ್ಲಿ ಒಂದು ಊರಿನ ಅನ್ಯಾಯವು ಇನ್ನೊಂದು ಊರಿನ ದೇವರ ಹೆಸರಿನಲ್ಲಿ ನಾಡಿನ ಮಾತಾಯಿತು. ಈಚಿನ ವರ್ಷಗಳಲ್ಲಿ ಕರ್ನಾಟಕದ ಶಾಲಾ ಪಠ್ಯದಲ್ಲಿಯೂ ಈ ಲಾವಣಿಗೆ ಸ್ಥಾನ ದೊರೆತದ್ದು ಸಂತೋಷದ ಸಂಗತಿ. ಅದನ್ನು ಪಾಠ ಹೇಳುವವರು ಶೌರ್ಯದ ಪ್ರಶ್ನೆಗಳಿಗೆ ಉತ್ತರ ಬರೆಯಿಸಿ ಮುಗಿಸದೆ, ಹುಕುಂ ಎಲ್ಲಿಂದ ಬಂತು, ಯಾರನ್ನು ಕೇಳಿ ಬಂತು, ಅದರಿಂದ ಯಾರ ಮನೆಯ ಯಾವ ವಸ್ತು ಹೋಯಿತು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡಬೇಕು. ಪರಕೀಯರ ಸರಕಾರಕ್ಕೆ ಹಾಕಿದ ಈ ಪ್ರಶ್ನೆಗಳನ್ನು ಸ್ವಕೀಯರ ಸರಕಾರಕ್ಕೂ ಹಾಕುವ ಅಭ್ಯಾಸವು ತಪ್ಪದಿದ್ದರೆ ಪ್ರಜಾಪ್ರಭುತ್ವವು ಉಳಿಯುತ್ತದೆ.