ಕಂಸಾಳೆಯ ನಾದ, ಯಂತ್ರದ ಸಿಳ್ಳು

ಸೇಲಂ, ಧರ್ಮಪುರಿಯ ಭಕ್ತರೂ ನಡೆದುಕೊಳ್ಳುವ ಮಲೆ ಮಹದೇಶ್ವರನ ಕಥನಗೀತೆಗಳ ಹಳೆಯ ಮುದ್ರಿಕೆಗಳನ್ನು ಡಿಜಿಟಲೀಕರಿಸುವಾಗ ‘ಬೇಡದ’ ತಾರಧ್ವನಿ ಯಾವುದೆಂಬುದು ಪಾಠನಿರ್ಣಯದ ಪ್ರಶ್ನೆಯೇ ಆಗಿದೆ. ಪಿಕ್ಚರ್‌ ಟ್ಯೂಬಿನ ಟಿ.ವಿ.ಯ ಬಳಿ ಮುದ್ರಿಸಿದ ಹಾಡಿನಲ್ಲಿ 15,625 ಹರ್ಟ್ಸ್‌ನ ಸಿಳ್ಳು ಸೇರಿಕೊಂಡಿರಬಹುದು. ವಯಸ್ಸಾದ ಸಂಪಾದಕರ ಕಿವಿಗೆ ಅದು ನಿಲುಕದು. ಆ ಒಂದು ಆವರ್ತನವನ್ನಷ್ಟೇ ತೆಗೆದರೆ ಸಾಕು. ಮೇಲಿನ ಸ್ತರವನ್ನೆಲ್ಲ ಕತ್ತರಿಸಿದರೆ ಕಂಚಿನ ಕಂಸಾಳೆಯ ಅನುರಣನವೂ ಕುಂದುತ್ತದೆ. ದೇವರಗುಡ್ಡರಿಗೆ ಕಂಸಾಳೆ ದೀಕ್ಷೆಯ ಲಾಂಛನವೂ ಹೌದು. ಏರ್ಕಾಡ್‌ನ ಕಾಡಂಚಿನಲ್ಲಿ ಹಾಡಿಸಿದರೆ ಜೀರುಂಡೆಯ ದನಿಯೂ ಜೊತೆಗೂಡೀತು. ಅದು ಹಾಡಿದ ನೆಲದ ಸಾಕ್ಷಿ. ಮೌಖಿಕ ಕಾವ್ಯಕ್ಕೆ ಮುದ್ರಿಕೆಯೇ ಹಸ್ತಪ್ರತಿ. ಪಾಠಾಂತರವನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಉಳಿಸುವ ಗ್ರಂಥಸಂಪಾದನೆಯ ಶಿಸ್ತು ಇಲ್ಲಿಗೂ ಸಲ್ಲಬೇಕು: ಮೂಲಪ್ರತಿ ಹಾಗೆಯೇ ಉಳಿಯಬೇಕು, ಪರಿಷ್ಕೃತ ಪ್ರತಿ ತಾನು ತೆಗೆದುದನ್ನು ದಾಖಲಿಸಬೇಕು.