ಗಡಿ ದಾಟಿದ ಹಾಡು ಹಳೆಯದಾಗುವುದು ಯಾವಾಗ?

ಬೆಂಗಳೂರಿನ ಮಹದೇವಪುರದಲ್ಲಿ ಹೊಸದಾಗಿ ಮನೆ ಮಾಡಿದವರಿಗೆ ಕನ್ನಡ ಹಾಡಿನ ರುಚಿ ಹತ್ತಬೇಕೆಂದರೆ ರೇಡಿಯೋ ಒಳ್ಳೆಯ ದಾರಿ. ಕೆ.ಆರ್. ಪುರದ ತೂಗುಸೇತುವೆ ದಾಟುವಷ್ಟರಲ್ಲಿ ವಿವಿಧ ಭಾರತಿಯ 102.9ರಲ್ಲೋ ರೇನ್‌ಬೋದ 101.3ರಲ್ಲೋ ಒಂದೆರಡಾದರೂ ಹಾಡು ಕಿವಿಗೆ ಬಿದ್ದಿರುತ್ತವೆ. ಅವುಗಳಲ್ಲಿ ಕೆಲವು ಒಂದು ಭಾಷೆಯಲ್ಲೋ ಪ್ರಕಾರದಲ್ಲೋ ಹುಟ್ಟಿ, ಗಡಿ ದಾಟಿ ಇನ್ನೊಂದು ಕಡೆಯೂ ಗೆದ್ದಂಥವು. ಇಂಥವು ‘ಹಳೆಯ ಹಾಡು’ ಅನ್ನಿಸಿಕೊಳ್ಳಲು ವಯಸ್ಸೊಂದೇ ಸಾಲದು. ಗಡಿ ದಾಟಿದ ಸುದ್ದಿಯ ಸದ್ದಡಗಿದ ಮೇಲೂ ಹಾಡು ಉಳಿದಿರಬೇಕು.

ಮೊದಲು ಧಾಟಿ ಹಿಡಿಯಿರಿ. ‘ಗೀತಾ’ (1981) ಚಿತ್ರದ ‘ಜೊತೆಯಲಿ ಜೊತೆಜೊತೆಯಲಿ’ ಕೇಳಿ. ಚಿ. ಉದಯಶಂಕರ್ ಸಾಹಿತ್ಯ, ಇಳಯರಾಜಾ ಸಂಗೀತ, ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಅವರ ದನಿ. ಇದೇ ಧಾಟಿ 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಹೋಯಿತು, ಹಾಡಿದವರೂ ಇವರಿಬ್ಬರೇ. 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ ಶ್ರೇಯಾ ಘೋಷಾಲ್ ಹಾಡಿದರು. ಕನ್ನಡ, ಹಿಂದಿ ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ. ಹಿಂದಿಯಲ್ಲಿ ಹೆಣ್ಣೊಬ್ಬಳು ತನ್ನ ಮನಸ್ಸಿನ ಮಾತು ಹೇಳಿಕೊಳ್ಳುತ್ತಾಳೆ. ಕನ್ನಡದಲ್ಲಿ ಗಂಡುದನಿಗೆ ಹೆಣ್ಣುದನಿ ಓಗೊಡುತ್ತದೆ. ಧಾಟಿ ಅದೇ, ಹಾಡಿನ ಜೀವ ಬೇರೆ. ಎಲ್ಲೆಲ್ಲಿಗೋ ಹೋಗಿಬಂದರೂ ಮೂಲ ಮಾಸಿಲ್ಲ. ಹಳೆಯ ಹಾಡಿನ ಮೊದಲ ಲಕ್ಷಣ ಇದು.

ಎರಡನೆಯದು, ಪ್ರಶಸ್ತಿ ಬದಿಗಿಟ್ಟು ಕೇಳುವುದು. ಚಂದ್ರಶೇಖರ ಕಂಬಾರರು ಬರೆದ ‘ಕಾಡು ಕುದುರೆ ಓಡಿ ಬಂದಿತ್ತ’ ಹಾಡನ್ನು ಸಿನಿಮಾಕ್ಕೆ ಹಾಡಿದವರು ಸುಗಮ ಸಂಗೀತದ ಶಿವಮೊಗ್ಗ ಸುಬ್ಬಣ್ಣ. 1978ರ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ಬಂದಾಗ ಅದು ನಾಡಿಗೇ ಹೆಮ್ಮೆಯ ಸಂಗತಿ. ಈಗ ಪ್ರಶಸ್ತಿಯ ಸುದ್ದಿ ತಿಳಿಯದವರನ್ನೂ ಆ ತುಂಬುಕಂಠ ಹಿಡಿದು ನಿಲ್ಲಿಸುತ್ತದೆ. ಅದು ಭಾವಗೀತೆಯೋ ಚಿತ್ರಗೀತೆಯೋ ಎಂದು ಯಾರೂ ಕೇಳುವುದಿಲ್ಲ.

ಮೂರನೆಯದಾಗಿ, ಹಳೆಯ ಹಾಡಾಗುವ ಹೊಸ್ತಿಲಲ್ಲಿ ನಿಂತದ್ದನ್ನು ಗುರುತಿಸಿ. 2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ಯ ‘ಅನಿಸುತಿದೆ’ ಹಾಡನ್ನು ಬರೆದವರು ಜಯಂತ ಕಾಯ್ಕಿಣಿ, ಸಂಗೀತ ಮನೋಮೂರ್ತಿ ಅವರದು, ಹಾಡಿದವರು ಸೋನು ನಿಗಮ್. ಕನ್ನಡ ಬಾರದ ಐಟಿ ಹುಡುಗರ ಬಾಯಲ್ಲೂ ನಲಿದ ಹಾಡಿದು. ಆದರೆ ಇಂದಿಗೂ ಇದು ಬಂತೆಂದರೆ ಹಾಡಿಗಿಂತ ಮೊದಲು ನಾಯಕ ಗಣೇಶ್, ಮಳೆ, ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದ ಸಿನಿಮಾ ನೆನಪಾಗುತ್ತವೆ. ಸಿನಿಮಾ ನೋಡದ ಮಕ್ಕಳು ತಾವಾಗಿ ಕೇಳಿ ಹಾಕಿಸಿಕೊಳ್ಳುವ ದಿನ ಇದು ಪೂರ್ತಿ ಒಳಗೆ ಬಂದಂತೆ.

ಇನ್ನು ಮುಂದೆ ಆರ್‌ಜೆ ಹಾಡಿನ ಹೆಸರು ಹೇಳುವ ಮುಂಚೆಯೇ ಪಕ್ಕದವರು ಗುನುಗಿದರೆ, ಯಾವ ಭಾಷೆಯಲ್ಲಿ ಗುನುಗಿದರು ಎಂದು ಗಮನಿಸಿ. ಅವರ ಭಾಷೆಯ ಹಾಡನ್ನು ಅವರಿಂದ ಕೇಳಿ ತಿಳಿದುಕೊಳ್ಳಿ, ಕನ್ನಡದ್ದನ್ನು ನೀವು ಕೇಳಿಸಿ. ರಸಿಕತೆ ಬೆಳೆಯುವುದು ಹೀಗೆಯೇ.